ಉಳಿಯುವ ಮಸಿ, ಅಳಿಯುವ ಶಾಯಿ

ಬೆಳಗಿನ ಹೊತ್ತು ಮಾರಿಕುಪ್ಪಂನಿಂದ ಹೊರಟ ರೈಲು ಚಾಂಪಿಯನ್, ಊರ್ಗಾಂ, ಕೋರಮಂಡಲ್ ನಿಲ್ದಾಣಗಳನ್ನು ದಾಟಿ ಬಂಗಾರಪೇಟೆ ಸೇರುವಷ್ಟರಲ್ಲಿ ಕಾಲಿಡಲು ಜಾಗವಿರುವುದಿಲ್ಲ. 2001ರ ಫೆಬ್ರುವರಿ 28ರಂದು ಕೋಲಾರ ಚಿನ್ನದ ಗಣಿಗಳು ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಮನೆಗಳಿಗೆ ಬೆಂಗಳೂರಿನ ದುಡಿಮೆಯೇ ಆಧಾರ. ಹಾಗೆ ಹೋಗುವವರ ನಡುವೆ ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು ಅವುಚಿಕೊಂಡ ಹುಡುಗ ಹುಡುಗಿಯರನ್ನು ಗುರುತಿಸುವುದು ಕಷ್ಟವಲ್ಲ. ಯಾವುದೋ ಕಾಲೇಜಿನ ಪ್ರವೇಶಕ್ಕೋ ಕೆಲಸದ ಸಂದರ್ಶನಕ್ಕೋ ಹೊರಟವರು.

ಆ ಫೈಲಿನೊಳಗೆ ಏನಿರುತ್ತದೆ? ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ವರ್ಗಾವಣೆ ಪತ್ರ, ಆದಾಯ ಪ್ರಮಾಣಪತ್ರ, ಅದರ ನಾಲ್ಕಾರು ಜೆರಾಕ್ಸ್ ಪ್ರತಿಗಳು, ಫೀಸು ಕಟ್ಟಿದ ರಸೀದಿ, ಮನೆಯ ಪ್ರಿಂಟರಿನಲ್ಲಿ ತೆಗೆದ ಅರ್ಜಿ. ಕೆಲವರ ಬಳಿ ಅಜ್ಜ ಗಣಿಯಲ್ಲಿ ದುಡಿದಿದ್ದಕ್ಕೆ ಸಾಕ್ಷಿಯಾದ ಹಳೆಯ ಕಾಗದವೂ ಇದ್ದೀತು. ಎಲ್ಲದರ ಮೇಲೂ ಇರುವುದು ಕಪ್ಪು ಅಕ್ಷರಗಳೇ. ಆದರೆ ಆ ಕಪ್ಪು ಒಂದೇ ಬಗೆಯದಲ್ಲ. ಅದರಲ್ಲಿ ಒಂದು ಮೊಮ್ಮಕ್ಕಳ ಕಾಲದವರೆಗೂ ಓದಲು ಸಿಗುತ್ತದೆ. ಇನ್ನೊಂದು ಮುಂದಿನ ಬೇಸಿಗೆಯೊಳಗೆ ಮಾಯವಾಗುತ್ತದೆ! ಯಾವುದು ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂಬುದನ್ನು ಮೊದಲೇ ತಿಳಿದುಕೊಂಡರೆ ಮುಂದೆ ಪರದಾಡುವುದು ತಪ್ಪುತ್ತದೆ.

ಮಸಿ ಎಂದರೆ ಮಸಿಯೇ

ಕನ್ನಡದಲ್ಲಿ ‘ಮಸಿ’ ಎಂಬ ಪದಕ್ಕೆ ಎರಡು ಅರ್ಥ. ಪಾತ್ರೆಯ ತಳಕ್ಕೆ ಹಿಡಿಯುವ ಕಪ್ಪೂ ಮಸಿ, ಲೇಖನಿಗೆ ತುಂಬುವ ದ್ರವವೂ ಮಸಿ. ಇದು ಕಾಕತಾಳೀಯವಲ್ಲ. ನಮ್ಮ ಹಿರಿಯರು ಒಲೆ ಮತ್ತು ದೀಪದ ಕಪ್ಪಿನಿಂದಲೇ ಬರೆಯುವ ಮಸಿಯನ್ನು ಮಾಡಿಕೊಳ್ಳುತ್ತಿದ್ದರು. ‘ಶಾಯಿ’ ಎಂಬ ಪದದ ಮೂಲವೂ ಅಷ್ಟೇ. ‘ಕಪ್ಪು’ ಎಂಬ ಅರ್ಥದ ಪಾರಸಿ ಪದದಿಂದ ಬಂದ ‘ಸ್ಯಾಹಿ’ಯೇ ನಮ್ಮಲ್ಲಿ ಶಾಯಿಯಾಯಿತು.

ಓಲೆಗರಿಯ ಮೇಲೆ ಬರೆಯುತ್ತಿದ್ದ ಕ್ರಮವನ್ನು ಗಮನಿಸಿ. ಕಬ್ಬಿಣದ ಕಂಟದಿಂದ ಗರಿಯ ಮೇಲೆ ಅಕ್ಷರಗಳನ್ನು ಕೊರೆಯುತ್ತಿದ್ದರು. ಕೊರೆದಾಗ ಅಕ್ಷರ ಸರಿಯಾಗಿ ಕಾಣುತ್ತಿರಲಿಲ್ಲ. ಆಮೇಲೆ ಎಣ್ಣೆಯಲ್ಲಿ ಕಲಸಿದ ಕಾಡಿಗೆಯನ್ನು ಗರಿಯ ಮೇಲೆಲ್ಲ ಸವರಿ, ಬಟ್ಟೆಯಿಂದ ಒರೆಸುತ್ತಿದ್ದರು. ನುಣುಪಾದ ಜಾಗದ ಮಸಿ ಬಟ್ಟೆಗೆ ಹೋಗುತ್ತಿತ್ತು, ಕೊರೆದ ಗೀರಿನೊಳಗಿನ ಮಸಿ ಅಲ್ಲೇ ನಿಲ್ಲುತ್ತಿತ್ತು. ಅಕ್ಷರ ಎದ್ದು ಕಾಣುತ್ತಿತ್ತು. ಈ ಉಪಾಯವನ್ನು ನೆನಪಿಟ್ಟುಕೊಳ್ಳಿ. ಜೆರಾಕ್ಸ್ ಯಂತ್ರದೊಳಗೆ ಹೊಕ್ಕಾಗ ಮತ್ತೆ ಬೇಕಾಗುತ್ತದೆ.

ಲೆಕ್ಕಪತ್ರಕ್ಕೆ ಬಳಸುತ್ತಿದ್ದ ಕಡತದ ರೀತಿ ಇದಕ್ಕೆ ತಿರುವುಮುರುವು. ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ ಕಪ್ಪು ಪುಸ್ತಕ ಮಾಡುತ್ತಿದ್ದರು. ಅದರ ಮೇಲೆ ಬಳಪದಿಂದ ಬಿಳಿಯ ಅಕ್ಷರ ಬರೆಯುತ್ತಿದ್ದರು. ಶೃಂಗೇರಿ ಮಠದ ಹಳೆಯ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರವಾಗಿವೆ. ಇಂದು ಕಚೇರಿಯ ಫೈಲಿಗೆ ‘ಕಡತ’ ಎನ್ನುತ್ತೇವಲ್ಲ, ಆ ಹೆಸರು ಬಂದದ್ದು ಇಲ್ಲಿಂದಲೇ.

ಚಿನ್ನದಂತೆ ಇಂಗಾಲ

ಮಸಿಗೆ ಅಷ್ಟು ಬಾಳಿಕೆ ಏಕೆ? ಅದು ಬಹುಮಟ್ಟಿಗೆ ಶುದ್ಧ ಇಂಗಾಲ. ಕೆಜಿಎಫ್‌ನ ಮಕ್ಕಳಿಗೆ ಚಿನ್ನದ ಗುಣವನ್ನು ಬೇರೆಯಾಗಿ ಹೇಳಬೇಕಿಲ್ಲ. ಅದು ಗಾಳಿಗೆ ತುಕ್ಕು ಹಿಡಿಯುವುದಿಲ್ಲ, ನೀರಿಗೆ ಮಂಕಾಗುವುದಿಲ್ಲ. ಮಸಿಯ ಇಂಗಾಲವೂ ಸಾಮಾನ್ಯ ಉಷ್ಣತೆಯಲ್ಲಿ ಗಾಳಿ, ನೀರು, ಬಿಸಿಲು ಯಾವುದಕ್ಕೂ ಜಗ್ಗುವುದಿಲ್ಲ. ಅದರ ಬಣ್ಣವನ್ನು ಬಿಸಿಲು ಕದಿಯಲಾರದು. ಬೆಂಕಿಗೆ ಹಾಕಿದರೆ ಮಾತ್ರ ಸುಟ್ಟೀತು. ಆದರೆ ಬೆಂಕಿಗೆ ಹಾಕಿದ ಮೇಲೆ ಕಾಗದವೇ ಇರುವುದಿಲ್ಲವಲ್ಲ!

ಇಂದು ಈ ಮಸಿಯನ್ನು ಕಾರ್ಖಾನೆಗಳಲ್ಲಿ ತಯಾರಿಸುತ್ತಾರೆ. ಪೆಟ್ರೋಲಿಯಂ ಶುದ್ಧೀಕರಣದಲ್ಲಿ ಉಳಿಯುವ ಮಂದವಾದ ಎಣ್ಣೆಯನ್ನು ಸಾಕಷ್ಟು ಗಾಳಿ ಕೊಡದೆ ಉರಿಸಿದರೆ ಅತಿ ನವುರಾದ ಕಪ್ಪು ಪುಡಿ ಸಿಗುತ್ತದೆ. ಅದರ ಹೆಸರು ‘ಕಾರ್ಬನ್ ಬ್ಲ್ಯಾಕ್’. ಅಜ್ಜಿ ದೀಪದ ಮೇಲೆ ತಟ್ಟೆ ಹಿಡಿದು ಕಾಡಿಗೆ ಕಟ್ಟುತ್ತಿದ್ದ ಕೆಲಸದ ದೊಡ್ಡ ರೂಪ ಇದು. ಜಗತ್ತಿನಲ್ಲಿ ತಯಾರಾಗುವ ಕಾರ್ಬನ್ ಬ್ಲ್ಯಾಕಿನ ಬಹುಪಾಲು ಟೈರುಗಳಿಗೆ ಹೋಗುತ್ತದೆ. ಟೈರು ಗಟ್ಟಿಯಾಗಿರುವುದೂ ಕಪ್ಪಾಗಿರುವುದೂ ಅದರಿಂದಲೇ. ಉಳಿದದ್ದರಲ್ಲಿ ಒಂದು ಪಾಲು ಮುದ್ರಣದ ಮಸಿಗೆ. ನಿಮ್ಮ ಸೈಕಲ್ಲಿನ ಚಕ್ರವೂ ನಿಮ್ಮ ಪಠ್ಯಪುಸ್ತಕದ ಅಕ್ಷರವೂ ಒಂದೇ ಬಳಗದವು ಎಂದಾಯಿತು.

ಆದರೆ ಮಸಿ ಪುಡಿ ತಾನಾಗಿಯೇ ಕಾಗದಕ್ಕೆ ಅಂಟುವುದಿಲ್ಲ. ಊದಿದರೆ ಹಾರಿಹೋಗುತ್ತದೆ. ಅದನ್ನು ಕಾಗದಕ್ಕೆ ಹಿಡಿಸಲು ಒಂದು ಅಂಟು ಬೇಕು. ಮುದ್ರಣದ ಇತಿಹಾಸವೆಂದರೆ ಬಹಳ ಮಟ್ಟಿಗೆ ಈ ಅಂಟನ್ನು ಹುಡುಕಿದ ಇತಿಹಾಸ.

ಎಣ್ಣೆಯ ಕಾಲ

15ನೆಯ ಶತಮಾನದ ನಡುವೆ ಜರ್ಮನಿಯ ಗುಟೆನ್‌ಬರ್ಗ್ ಲೋಹದ ಅಚ್ಚುಮೊಳೆಗಳಿಂದ ಮುದ್ರಿಸಲು ಹೊರಟಾಗ ನೀರಿನ ಮಸಿ ಕೈಕೊಟ್ಟಿತು. ಕೆಸುವಿನ ಎಲೆಯ ಮೇಲಿನ ನೀರಿನಂತೆ ಅದು ಲೋಹದ ಮೇಲೆ ಹನಿಹನಿಯಾಗಿ ನಿಂತುಬಿಡುತ್ತಿತ್ತು. ಎಣ್ಣೆಯಲ್ಲಿ ಕಲಸಿದ ಮಂದವಾದ ಮಸಿ ಲೋಹಕ್ಕೆ ಸಮನಾಗಿ ಹತ್ತಿತು, ಕಾಗದಕ್ಕೂ ಇಳಿಯಿತು.

ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1841ರಲ್ಲಿ ಮುದ್ರಣಾಲಯ ಸ್ಥಾಪಿಸಿದಾಗ ಮೊದಲು ಬಳಸಿದ್ದು ಕಲ್ಲಚ್ಚು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಬಂದದ್ದು ಹೀಗೆ ಕಲ್ಲಚ್ಚಿನಲ್ಲಿಯೇ. ಕಲ್ಲಚ್ಚಿನ ಗುಟ್ಟು, ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ ಎಂಬುದು. ಕಲ್ಲಿನ ಮೇಲೆ ಜಿಡ್ಡಿನ ಪದಾರ್ಥದಿಂದ ಬರೆದು, ಕಲ್ಲನ್ನು ಒದ್ದೆ ಮಾಡಿ, ಎಣ್ಣೆಯ ಮಸಿ ಸವರಿದರೆ ಅದು ಒದ್ದೆಯ ಜಾಗವನ್ನು ಬಿಟ್ಟು ಜಿಡ್ಡಿನ ಅಕ್ಷರಕ್ಕೆ ಮಾತ್ರ ಹತ್ತುತ್ತದೆ. ಇಂದಿನ ಆಫ್‌ಸೆಟ್ ಮುದ್ರಣ ಇದೇ ತತ್ತ್ವದ ಮೇಲೆ ನಿಂತಿದೆ. ಕಲ್ಲಿನ ಜಾಗಕ್ಕೆ ತೆಳ್ಳನೆಯ ಲೋಹದ ತಗಡು ಬಂದಿದೆ, ಅಷ್ಟೇ.

ಪತ್ರಿಕೆ ಓದಿ ಮುಗಿಸಿದ ಮೇಲೆ ಬೆರಳ ತುದಿ ಕಪ್ಪಾಗುವುದನ್ನು ನೀವು ಕಂಡಿರಬಹುದು. ಸಾಮಾನ್ಯ ಸುದ್ದಿಕಾಗದಕ್ಕೆ ಬಳಸುವ ಮಸಿ ಪೂರ್ತಿ ಒಣಗುವುದೇ ಇಲ್ಲ. ಅದರ ಎಣ್ಣೆ ಕಾಗದದೊಳಕ್ಕೆ ಇಂಗುತ್ತದೆ, ಇಂಗಾಲದ ಕಣಗಳು ಮೇಲೆ ಉಳಿಯುತ್ತವೆ. ಬೆವರಿನ ಬೆರಳು ತಗುಲಿದರೆ ಅವು ಬೆರಳಿಗೆ ವರ್ಗವಾಗುತ್ತವೆ. ಗಂಟೆಗೆ ಸಾವಿರಾರು ಪ್ರತಿ ಅಚ್ಚಾಗಬೇಕಾದ ಪತ್ರಿಕೆಗೆ ಒಣಗುವವರೆಗೆ ಕಾಯುವಷ್ಟು ಪುರುಸೊತ್ತೆಲ್ಲಿ?

ನೀರೂ ಇಲ್ಲ, ಎಣ್ಣೆಯೂ ಇಲ್ಲ

ದ್ರವವೇ ಇಲ್ಲದ ಮಸಿಯನ್ನು ಕಂಡುಹಿಡಿದವರು ಅಮೆರಿಕದ ಚೆಸ್ಟರ್ ಕಾರ್ಲ್‌ಸನ್. ಪೇಟೆಂಟ್ ವಿಭಾಗದಲ್ಲಿ ಅವರ ನೌಕರಿ. ದಿನವಿಡೀ ದಾಖಲೆಗಳ ಪ್ರತಿ ಬೇಕು. ಕೈಯಲ್ಲಿ ಬರೆದು ತೆಗೆಯೋಣವೆಂದರೆ ಸಂಧಿವಾತ. ಒಂದು ಗುಂಡಿ ಒತ್ತಿದರೆ ಪ್ರತಿ ಬರುವ ಯಂತ್ರವಿದ್ದರೆ ಎಷ್ಟು ಚೆನ್ನ ಎಂದು ಯೋಚಿಸಿ ಬಿಡುವಿನ ವೇಳೆಯಲ್ಲಿ ಪ್ರಯೋಗಕ್ಕೆ ಇಳಿದರು.

1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯಾ ಎಂಬಲ್ಲಿ ಅವರೂ ಅವರ ಸಹಾಯಕ ಓಟೊ ಕೋರ್ನೈ ಅವರೂ ಗಂಧಕ ಲೇಪಿಸಿದ ಸತುವಿನ ತಗಡೊಂದನ್ನು ಕರವಸ್ತ್ರದಿಂದ ಚೆನ್ನಾಗಿ ಉಜ್ಜಿದರು. ಬಾಚಣಿಗೆಯನ್ನು ಒಣ ತಲೆಗೂದಲಿಗೆ ಉಜ್ಜಿದರೆ ಕಾಗದದ ಚೂರುಗಳನ್ನು ಎಳೆಯುತ್ತದಲ್ಲ, ಅದೇ ಸ್ಥಿರ ವಿದ್ಯುತ್ತು ತಗಡಿನಲ್ಲಿ ತುಂಬಿತು. ಅಂದಿನ ತಾರೀಖು ಮತ್ತು ಊರಿನ ಹೆಸರು ಬರೆದ ಗಾಜನ್ನು ಅದರ ಮೇಲಿಟ್ಟು ಬೆಳಕು ಹಾಯಿಸಿದರು. ಬೆಳಕು ಬಿದ್ದ ಕಡೆ ವಿದ್ಯುತ್ತು ಇಳಿದುಹೋಯಿತು, ಅಕ್ಷರದ ನೆರಳಿದ್ದ ಕಡೆ ಉಳಿಯಿತು. ಒಂದು ಬಗೆಯ ಪಾಚಿಗಿಡದ ಬೀಜಕಣಗಳ ಪುಡಿಯನ್ನು ಚಿಮುಕಿಸಿ ಊದಿದಾಗ ಅಕ್ಷರಗಳ ಮೇಲೆ ಮಾತ್ರ ಪುಡಿ ಉಳಿದಿತ್ತು! ಅದನ್ನು ಮೇಣದ ಕಾಗದಕ್ಕೆ ಒತ್ತಿ ಬಿಸಿ ಮಾಡಿದರು. ಜಗತ್ತಿನ ಮೊದಲ ಜೆರಾಕ್ಸ್ ಪ್ರತಿ ಸಿದ್ಧವಾಯಿತು.

ಓಲೆಗರಿಯ ನೆನಪಾಯಿತೆ? ಎಲ್ಲ ಕಡೆ ಸವರಿ, ಅಕ್ಷರದಲ್ಲಿ ಮಾತ್ರ ಉಳಿಸಿಕೊಳ್ಳುವ ಉಪಾಯ. ಅಲ್ಲಿ ಮಸಿಯನ್ನು ಹಿಡಿದಿಟ್ಟದ್ದು ಕಂಟದ ಗೀರು. ಇಲ್ಲಿ ಹಿಡಿದಿಟ್ಟದ್ದು ವಿದ್ಯುತ್ತು.

ಆದರೆ ಈ ಸಂಶೋಧನೆಯನ್ನು ಕೊಳ್ಳುವವರು ವರ್ಷಗಟ್ಟಲೆ ಸಿಗಲಿಲ್ಲ. ದೊಡ್ಡ ದೊಡ್ಡ ಕಂಪನಿಗಳು ಬೇಡವೆಂದವು. ಕೊನೆಗೆ ಹ್ಯಾಲಾಯ್ಡ್ ಎಂಬ ಚಿಕ್ಕ ಕಂಪನಿ ಮುಂದೆ ಬಂತು. ಗ್ರೀಕ್ ಭಾಷೆಯಲ್ಲಿ ‘ಒಣ ಬರಹ’ ಎಂಬ ಅರ್ಥ ಬರುವಂತೆ ‘ಜೆರಾಗ್ರಫಿ’ ಎಂಬ ಹೆಸರನ್ನು ಕಟ್ಟಲಾಯಿತು. ಕಂಪನಿಯೇ ಮುಂದೆ ಜೆರಾಕ್ಸ್ ಆಯಿತು. 1959ರಲ್ಲಿ ಬಂದ ಅದರ 914 ಎಂಬ ಯಂತ್ರ ಕಚೇರಿಗಳ ಚಹರೆಯನ್ನೇ ಬದಲಿಸಿತು. ನಮ್ಮಲ್ಲಂತೂ ಯಾವ ಕಂಪನಿಯ ಯಂತ್ರವಿದ್ದರೂ ಅಂಗಡಿಯ ಬೋರ್ಡಿನ ಮೇಲೆ ‘ಜೆರಾಕ್ಸ್’ ಎಂದೇ ಇರುತ್ತದೆ.

ಅದೇ ಕಂಪನಿಯ ಗ್ಯಾರಿ ಸ್ಟಾರ್ಕ್‌ವೆದರ್ ಎಂಬ ಎಂಜಿನಿಯರು ಗಾಜಿನ ಬದಲು ಲೇಸರ್ ಕಿರಣದಿಂದ ಅಕ್ಷರ ಮೂಡಿಸುವ ವಿಧಾನ ರೂಪಿಸಿದರು. ಅದೇ ಲೇಸರ್ ಪ್ರಿಂಟರ್. 1984ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯ ಲೇಸರ್‌ಜೆಟ್ ಬಂದ ಮೇಲೆ ಅದು ಸಣ್ಣ ಕಚೇರಿಗಳ ಮೇಜಿನ ಮೇಲೂ ಕುಳಿತಿತು.

ಟೋನರ್ ಎಂಬ ಪುಡಿ

ಲೇಸರ್ ಪ್ರಿಂಟರಿನಲ್ಲೂ ಜೆರಾಕ್ಸ್ ಯಂತ್ರದಲ್ಲೂ ಇರುವ ಕಪ್ಪು ಪುಡಿಯೇ ಟೋನರ್. ಅದು ಬರಿಯ ಮಸಿಯೆಂದು ತಿಳಿಯಬೇಡಿ. ಅದರಲ್ಲಿ ಹೆಚ್ಚಿನ ಪಾಲು ಪ್ಲಾಸ್ಟಿಕ್! ಕಾರ್ಬನ್ ಬ್ಲ್ಯಾಕ್ ಇರುವುದು ಸ್ವಲ್ಪವೇ. ಜೊತೆಗೆ ತುಸು ಮೇಣ, ವಿದ್ಯುದಂಶವನ್ನು ಹಿಡಿತದಲ್ಲಿಡುವ ರಾಸಾಯನಿಕ, ಪುಡಿ ಗಂಟುಕಟ್ಟದೆ ಹರಿಯುವಂತೆ ಮಾಡುವ ನವುರಾದ ಸಿಲಿಕಾ. ಕೆಲವು ಟೋನರುಗಳಲ್ಲಿ ಕಬ್ಬಿಣದ ಆಕ್ಸೈಡ್ ಕೂಡ ಇರುತ್ತದೆ. ಅಂಥವನ್ನು ಯಂತ್ರದೊಳಗಿನ ಅಯಸ್ಕಾಂತದ ಉರುಳೆ ಎಳೆದು ತರುತ್ತದೆ. ಒಂದೊಂದು ಕಣದ ಗಾತ್ರ ಮಿಲಿಮೀಟರಿನ ಸಾವಿರದಲ್ಲಿ ಐದರಿಂದ ಹತ್ತು ಪಾಲಿನಷ್ಟು. ತಲೆಗೂದಲ ದಪ್ಪಕ್ಕಿಂತ ಎಷ್ಟೋ ಪಟ್ಟು ಚಿಕ್ಕದು.

ಯಂತ್ರದೊಳಗೆ ವಿದ್ಯುದಂಶ ತುಂಬಿದ ಒಂದು ಉರುಳೆ ಸುತ್ತುತ್ತಿರುತ್ತದೆ. ಲೇಸರ್ ಕಿರಣ ಅದರ ಮೇಲೆ ಅಕ್ಷರಗಳನ್ನು ಗೀಚುತ್ತದೆ. ಗೀಚಿದಲ್ಲಿ ಟೋನರ್ ಹತ್ತುತ್ತದೆ. ಅಲ್ಲಿಂದ ಕಾಗದಕ್ಕೆ ಇಳಿಯುತ್ತದೆ. ಆಗಿನ್ನೂ ಅದು ಬರಿಯ ಪುಡಿ. ಕೊನೆಗೆ ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದ ಉರುಳೆಗಳ ನಡುವೆ ಕಾಗದ ಹಾದಾಗ ಪ್ಲಾಸ್ಟಿಕ್ ಕರಗಿ, ಮಸಿಯನ್ನು ತನ್ನೊಳಗೆ ಸೇರಿಸಿಕೊಂಡು ಕಾಗದಕ್ಕೆ ಬೆಸೆದುಕೊಳ್ಳುತ್ತದೆ. ಜೆರಾಕ್ಸ್ ಹಾಳೆ ಕಾವಲಿಯಿಂದ ತೆಗೆದ ದೋಸೆಯಂತೆ ಬಿಸಿಬಿಸಿಯಾಗಿ ಕೈಗೆ ಬರುವುದು ಇದಕ್ಕಾಗಿಯೇ.

ಅಂದರೆ ಟೋನರಿನ ಅಕ್ಷರದಲ್ಲಿ ಬಣ್ಣ ಕೊಡುವುದು ಇಂಗಾಲ, ಅಂಟು ಪ್ಲಾಸ್ಟಿಕ್. ಬಿಸಿಲಿಗೆ ಬಣ್ಣ ಮಾಸದು, ನೀರಿಗೆ ಕದಡದು. ಆದರೆ ಒಂದು ದೌರ್ಬಲ್ಯವಿದೆ. ಅದು ಕಾಗದದೊಳಗೆ ಇಳಿದಿರುವುದಿಲ್ಲ, ಮೇಲೆ ಪೊರೆಯಂತೆ ಕುಳಿತಿರುತ್ತದೆ. ಪದೇ ಪದೇ ಮಡಿಚಿದರೆ ಮಡಿಕೆಯಲ್ಲಿ ಉದುರುತ್ತದೆ. ಯಂತ್ರ ಸರಿಯಾಗಿ ಕಾಯದಿದ್ದರೆ ಉಜ್ಜಿದೊಡನೆ ಕಿತ್ತುಬರುತ್ತದೆ. ಮುಖ್ಯ ದಾಖಲೆಯ ಪ್ರತಿ ತೆಗೆಸಿದಾಗ ಅಂಗಡಿಯಲ್ಲೇ ಒಮ್ಮೆ ಹೆಬ್ಬೆರಳಿನಿಂದ ಮೂಲೆಯ ಅಕ್ಷರವನ್ನು ಉಜ್ಜಿ ನೋಡಿ. ಕಪ್ಪು ಹರಡಿದರೆ ಇನ್ನೊಂದು ಪ್ರತಿ ಕೇಳಿ.

ಹನಿ ಹನಿ ಶಾಯಿ

ಮನೆಯ ಸಣ್ಣ ಪ್ರಿಂಟರುಗಳಲ್ಲಿ ಹೆಚ್ಚಿನವು ಇಂಕ್‌ಜೆಟ್. ಇದರ ಹುಟ್ಟಿನ ಕಥೆಯೂ ಸ್ವಾರಸ್ಯವಾಗಿದೆ. 1977ರಲ್ಲಿ ಜಪಾನಿನ ಕ್ಯಾನನ್ ಕಂಪನಿಯ ಇಚಿರೊ ಎಂಡೊ ಎಂಬ ಸಂಶೋಧಕರ ಪ್ರಯೋಗಾಲಯದಲ್ಲಿ ಕಾದ ಬೆಸುಗೆ ಕಡ್ಡಿಯೊಂದು ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ಅಕಸ್ಮಾತ್ತಾಗಿ ತಗುಲಿತು. ಸೂಜಿಯ ತುದಿಯಿಂದ ಶಾಯಿ ಚಿಲ್ಲನೆ ಚಿಮ್ಮಿತು. ಬಿಸಿಗೆ ಗುಳ್ಳೆಯೆದ್ದು ಶಾಯಿಯನ್ನು ಹೊರದಬ್ಬಿತ್ತು. ಅದನ್ನೇ ಹಿಡಿದು ಅವರು ‘ಬಬಲ್ ಜೆಟ್’ ಮುದ್ರಣ ವಿಧಾನವನ್ನು ರೂಪಿಸಿದರು. ಅತ್ತ ಅಮೆರಿಕದಲ್ಲಿ ಹ್ಯೂಲೆಟ್ ಪ್ಯಾಕರ್ಡ್‌ನವರೂ ಇದೇ ದಾರಿ ಹಿಡಿದು 1984ರಲ್ಲಿ ಥಿಂಕ್‌ಜೆಟ್ ಪ್ರಿಂಟರನ್ನು ತಂದರು. ಬಿಸಿ ಮಾಡದೆ, ವಿದ್ಯುತ್ತಿಗೆ ಮಿಡಿಯುವ ಹರಳಿನಿಂದ ಶಾಯಿಯನ್ನು ತಳ್ಳುವ ಇನ್ನೊಂದು ವಿಧಾನವೂ ಇದೆ. ಎಪ್ಸನ್ ಪ್ರಿಂಟರುಗಳು ಆ ಬಗೆಯವು.

ಈ ಹನಿ ಎಷ್ಟು ಚಿಕ್ಕದು ಗೊತ್ತೆ? ಅದನ್ನು ಪಿಕೊಲೀಟರಿನಲ್ಲಿ ಅಳೆಯುತ್ತಾರೆ. ಒಂದು ಮಿಲಿಲೀಟರಿನಲ್ಲಿ 100 ಕೋಟಿ ಪಿಕೊಲೀಟರುಗಳಿವೆ. ಹನಿಯೊಂದು 4 ಪಿಕೊಲೀಟರ್ ಎಂದುಕೊಂಡರೆ ಒಂದೇ ಮಿಲಿಲೀಟರ್ ಶಾಯಿಯಿಂದ 25 ಕೋಟಿ ಹನಿಗಳು! ಅವು ಹೊರಡುವ ರಂಧ್ರಗಳೂ ಕೂದಲಿಗಿಂತ ಕಿರಿದು. ಕೋಲಾರದ ಒಣ ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಪ್ರಿಂಟರನ್ನು ಮುಟ್ಟದೆ ಬಿಟ್ಟರೆ ಅಲ್ಲಿ ಶಾಯಿ ಒಣಗಿ ಕೂರುವುದರಲ್ಲಿ ಆಶ್ಚರ್ಯವಿಲ್ಲ. ವಾರಕ್ಕೊಂದು ಬಣ್ಣದ ಪುಟ ತೆಗೆಯುವುದು ಸುಲಭವಾದ ಮದ್ದು.

ಇಂಕ್‌ಜೆಟ್ ಶಾಯಿಯಲ್ಲಿ ಹೆಚ್ಚಿನ ಪಾಲು ನೀರೇ. ಬಣ್ಣ ಮಾತ್ರ ಎರಡು ಬಗೆ. ಸಕ್ಕರೆ ನೀರಿನಲ್ಲಿ ಕರಗುವಂತೆ ಪೂರ್ತಿ ಕರಗಿದ ಬಣ್ಣ ಒಂದು, ಅದನ್ನು ‘ಡೈ’ ಎನ್ನುತ್ತಾರೆ. ಸುಣ್ಣ ನೀರಿನಲ್ಲಿ ಕದಡಿದಂತೆ ಸೂಕ್ಷ್ಮ ಕಣಗಳಾಗಿ ಹರಡಿಕೊಂಡ ಬಣ್ಣ ಇನ್ನೊಂದು, ಅದು ‘ಪಿಗ್ಮೆಂಟ್’. ಡೈ ಬಣ್ಣಗಳು ಕಣ್ಣಿಗೆ ಉಜ್ವಲ. ಆದರೆ ಬಿಸಿಲು ಮತ್ತು ಗಾಳಿಯ ಓಜೋನ್ ಅವುಗಳ ಅಣುಗಳನ್ನು ಮೆಲ್ಲಗೆ ಒಡೆಯುತ್ತವೆ, ನೀರು ಬಿದ್ದರೆ ಕದಡುತ್ತದೆ. ಪಿಗ್ಮೆಂಟ್ ಗಟ್ಟಿಮುಟ್ಟು. ಹಲವು ಮಾದರಿಗಳಲ್ಲಿ ಕಪ್ಪು ಶಾಯಿ ಇಂಗಾಲದ ಪಿಗ್ಮೆಂಟ್ ಆಗಿದ್ದು, ಉಳಿದ ಬಣ್ಣಗಳು ಮಾತ್ರ ಡೈ ಆಗಿರುತ್ತವೆ. ಪ್ರಿಂಟರ್ ಕೊಳ್ಳುವಾಗ ಇದೊಂದು ಪ್ರಶ್ನೆಯನ್ನು ಅಂಗಡಿಯವರಿಗೆ ತಪ್ಪದೆ ಕೇಳಿ.

ಶಾಯಿಯೇ ಇಲ್ಲದ ಅಕ್ಷರ

ಎಲ್ಲಕ್ಕಿಂತ ಬೇಗ ಅಳಿಯುವುದು ಯಾವುದು? ಎಟಿಎಂ ಚೀಟಿ, ಬಸ್ಸಿನ ಯಂತ್ರದ ಟಿಕೆಟು, ಕೆಲವು ಕಡೆ ಫೀಸಿನ ರಸೀದಿ. ನುಣುಪಾದ ಈ ಕಾಗದಕ್ಕೆ ಶಾಯಿಯೂ ಇಲ್ಲ, ಟೋನರೂ ಇಲ್ಲ. ಕಾಗದಕ್ಕೇ ಒಂದು ರಾಸಾಯನಿಕದ ಲೇಪನವಿದೆ. ಬಿಸಿ ತಗುಲಿದಲ್ಲಿ ಅದು ಕಪ್ಪಾಗುತ್ತದೆ. ಉಗುರಿನಿಂದ ಜೋರಾಗಿ ಗೀರಿದರೆ ಕಪ್ಪು ಗೆರೆ ಮೂಡುವುದನ್ನು ನೋಡಿ ಈ ಕಾಗದವನ್ನು ಗುರುತಿಸಬಹುದು. ಬಿಸಿಲು, ಸೆಕೆ, ಎಣ್ಣೆಯ ಕೈ, ಪ್ಲಾಸ್ಟಿಕ್ ಹಾಳೆಯ ಸಹವಾಸ ಇಷ್ಟು ಸಾಕು, ಕೆಲವೇ ತಿಂಗಳಲ್ಲಿ ಅಕ್ಷರ ಮಾಸಿ ಖಾಲಿ ಕಾಗದ ಉಳಿಯುತ್ತದೆ. ಭದ್ರವಾಗಿರಲಿ ಎಂದು ಲ್ಯಾಮಿನೇಷನ್ ಮಾಡಿಸಲು ಹೋದರಂತೂ ಆ ಬಿಸಿಗೆ ಇಡೀ ಚೀಟಿ ಕಪ್ಪಗಾಗುತ್ತದೆ!

ಫೀಸು ಕಟ್ಟಿದ್ದಕ್ಕೆ ಸಾಕ್ಷಿ ಕೇಳುವುದು ವರ್ಷದ ಕೊನೆಯಲ್ಲಿ. ಅಷ್ಟರಲ್ಲಿ ರಸೀದಿ ಬೆಳ್ಳಗಾಗಿದ್ದರೆ ಯಾರನ್ನು ಕೇಳುವುದು? ಅಂಥ ರಸೀದಿ ಕೈಗೆ ಬಂದ ದಿನವೇ ಒಂದು ಜೆರಾಕ್ಸ್ ತೆಗೆಸಿಡಿ. ಕೆಲವೇ ರೂಪಾಯಿಗಳಲ್ಲಿ ಅಳಿಯುವ ಅಕ್ಷರ ಇಂಗಾಲದ ಅಕ್ಷರವಾಗುತ್ತದೆ.

ಮೈಸೂರಿನ ಅಳಿಸಲಾಗದ ಶಾಯಿ

ಕರ್ನಾಟಕದ ಶಾಯಿಯೊಂದು ಜಗತ್ತಿಗೇ ಪರಿಚಿತ. ಮತ ಹಾಕಿದವರ ಬೆರಳಿಗೆ ಹಚ್ಚುವ ಶಾಯಿ ಅದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಆರಂಭವಾದ ಸಂಸ್ಥೆ ಇಂದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಹೆಸರಿನ ರಾಜ್ಯ ಸರ್ಕಾರಿ ಉದ್ಯಮ. ರಾಷ್ಟ್ರೀಯ ಭೌತ ಪ್ರಯೋಗಾಲಯ ರೂಪಿಸಿದ ಸೂತ್ರದಂತೆ ತಯಾರಾದ ಅದರ ಶಾಯಿ 1962ರ ಮಹಾಚುನಾವಣೆಯಿಂದ ಬಳಕೆಗೆ ಬಂತು. ಹಲವು ಹೊರದೇಶಗಳಿಗೂ ಹೋಗುತ್ತದೆ.

ಇದರಲ್ಲಿ ಮಸಿಯ ಆಟವಿಲ್ಲ, ಬೆಳ್ಳಿಯ ಆಟ. ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನೊಡನೆ ಸೇರಿ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಬೆಳಕು ಬಿದ್ದಾಗ ಅದು ಕಪ್ಪಾಗಿ ಚರ್ಮಕ್ಕೂ ಉಗುರಿಗೂ ಹಿಡಿದುಕೊಳ್ಳುತ್ತದೆ. ಸೋಪಿಗೆ ಜಗ್ಗುವುದಿಲ್ಲ. ಹಳೆಯ ಚರ್ಮ ಉದುರಿ, ಉಗುರು ಬೆಳೆದು ಕತ್ತರಿಸಿದ ಮೇಲೆಯೇ ಗುರುತು ಹೋಗುವುದು. ಡೈ ಶಾಯಿಯ ಬಣ್ಣವನ್ನು ಬೆಳಕು ತಿನ್ನುತ್ತದೆ, ಈ ಶಾಯಿಗೆ ಬೆಳಕೇ ಬಣ್ಣ ಕೊಡುತ್ತದೆ! ಶಾಯಿ ಶಾಯಿಗೂ ಇಷ್ಟು ವ್ಯತ್ಯಾಸ.

ಕಣ್ಣಿಗೆ ಕಾಣದಂತೆ ಗುರುತು ಉಳಿಸುವ ಪ್ರಿಂಟರುಗಳೂ ಇವೆ. ಹಲವು ಬಣ್ಣದ ಲೇಸರ್ ಪ್ರಿಂಟರುಗಳು ಪ್ರತಿ ಹಾಳೆಯ ಮೇಲೂ ಅತಿ ಸಣ್ಣ ಹಳದಿ ಚುಕ್ಕೆಗಳನ್ನು ಮುದ್ರಿಸುತ್ತವೆ. ಖೋಟಾ ನೋಟು ಮುದ್ರಿಸುವವರನ್ನು ಹಿಡಿಯಲೆಂದು ಮಾಡಿದ ಏರ್ಪಾಡು ಇದು. 2005ರಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ ಒಂದು ಮಾದರಿಯ ಚುಕ್ಕೆಗಳನ್ನು ಬಿಡಿಸಿ, ಅದರಲ್ಲಿ ಯಂತ್ರದ ಸಂಖ್ಯೆಯೂ ಮುದ್ರಿಸಿದ ದಿನ ಮತ್ತು ಹೊತ್ತೂ ಅಡಗಿವೆ ಎಂದು ತೋರಿಸಿತು.

ಹನಿಯ ಬೆಲೆ

ತಂದೆತಾಯಿಗಳು ಕೇಳುವ ಪ್ರಶ್ನೆ ಬೇರೆ. ಪ್ರಿಂಟರ್ ಅಗ್ಗವಾಗಿ ಸಿಕ್ಕಿತು, ಶಾಯಿ ಏಕೆ ಇಷ್ಟು ದುಬಾರಿ? ಒಂದು ಲೆಕ್ಕ ಮಾಡೋಣ. ಚಿಕ್ಕ ಕಾರ್ಟ್ರಿಜ್ ಒಂದಕ್ಕೆ 800 ರೂಪಾಯಿ, ಒಳಗಿನ ಶಾಯಿ 8 ಮಿಲಿಲೀಟರ್ ಎಂದಿಟ್ಟುಕೊಳ್ಳಿ. ಮಿಲಿಲೀಟರಿಗೆ 100 ರೂಪಾಯಿ, ಲೀಟರಿಗೆ ಒಂದು ಲಕ್ಷ! ಶಾಯಿಯ ಜೊತೆಗೆ ಕೆಲವು ಕಾರ್ಟ್ರಿಜ್‌ಗಳಲ್ಲಿ ನೂರಾರು ಸೂಕ್ಷ್ಮ ರಂಧ್ರಗಳ ಮುದ್ರಣ ತಲೆಯೂ ಇರುತ್ತದೆ, ಅದಕ್ಕೂ ದುಡ್ಡು ಕೊಡುತ್ತೇವೆ ಎಂಬುದು ನಿಜ. ಆದರೆ ಯಂತ್ರವನ್ನು ಅಗ್ಗವಾಗಿ ಕೊಟ್ಟು ಶಾಯಿಯಲ್ಲಿ ಲಾಭ ಮಾಡಿಕೊಳ್ಳುವ ವ್ಯಾಪಾರದ ಜಾಣ್ಮೆಯೂ ಇದರಲ್ಲಿದೆ. 2010ರಲ್ಲಿ ಎಪ್ಸನ್ ಕಂಪನಿ ಇಂಡೊನೇಷ್ಯಾದಲ್ಲಿ ಬಾಟಲಿಯಿಂದ ಶಾಯಿ ತುಂಬುವ ಟ್ಯಾಂಕಿನ ಪ್ರಿಂಟರುಗಳನ್ನು ಮೊದಲು ಮಾರಿತು. ಅವುಗಳಲ್ಲಿ ಯಂತ್ರಕ್ಕೆ ಬೆಲೆ ಹೆಚ್ಚು, ಶಾಯಿಗೆ ಕಡಿಮೆ. ತಿಂಗಳಿಗೆ ಹತ್ತು ಪುಟ ತೆಗೆಯುವ ಮನೆಗೂ ನೂರಾರು ಪುಟ ತೆಗೆಯುವ ಮನೆಗೂ ಲೆಕ್ಕ ಬೇರೆ ಬೇರೆ. ಬೆಲೆಯ ಚೀಟಿ ನೋಡುವ ಮುಂಚೆ ನಿಮ್ಮ ಪುಟಗಳನ್ನು ಎಣಿಸಿಕೊಳ್ಳಿ.

ಪೆಟ್ಟಿಗೆಯ ಮೇಲೆ ‘1000 ಪುಟ’ ಎಂದಿದ್ದರೆ ಅದು ಯಾವ ಪುಟ? ಪುಟದ ನೂರರಲ್ಲಿ ಸುಮಾರು 5 ಭಾಗ ಮಾತ್ರ ಕಪ್ಪಾಗುವ ಪುಟವನ್ನು ಅಳತೆಗೋಲಾಗಿ ಇಟ್ಟುಕೊಳ್ಳುವುದು ವಾಡಿಕೆ. ಎ-4 ಹಾಳೆಯಲ್ಲಿ ಅದು ಎರಡು ಬೆಂಕಿಪೊಟ್ಟಣ ಇಟ್ಟರೆ ಮುಚ್ಚುವಷ್ಟು ಜಾಗ. ಪ್ರಾಜೆಕ್ಟಿನ ಹೆಸರಿನಲ್ಲಿ ಇಡೀ ಪುಟ ತುಂಬುವ ಚಿತ್ರವೊಂದನ್ನು ಮುದ್ರಿಸಿದರೆ ಅಂಥ 20 ಪುಟಗಳ ಶಾಯಿ ಒಂದೇ ಏಟಿಗೆ ಖರ್ಚು. ಪುಟದ ಹಿನ್ನೆಲೆಗೆ ಗಾಢ ಬಣ್ಣ ಹಾಕುವ ಮಕ್ಕಳು ಇದನ್ನು ಯೋಚಿಸಬೇಕು.

ನೀವೇ ಮಾಡಿ ನೋಡಿ

ಭೂತಗನ್ನಡಿಯಿಂದ ಪತ್ರಿಕೆಯ ಬಣ್ಣದ ಚಿತ್ರವೊಂದನ್ನು ನೋಡಿ. ಎಷ್ಟೇ ಬಣ್ಣಗಳಿದ್ದರೂ ಅಲ್ಲಿರುವುದು ನಾಲ್ಕೇ ಬಗೆಯ ಚುಕ್ಕೆಗಳು: ಆಕಾಶನೀಲಿಯ ಸಯಾನ್, ಕೆನ್ನೇರಳೆಯ ಮಜೆಂಟಾ, ಹಳದಿ ಮತ್ತು ಕಪ್ಪು. ಮೊದಲ ಮೂರನ್ನು ಬೆರೆಸಿದರೆ ಕಪ್ಪು ಬರಬೇಕಲ್ಲ, ಮತ್ತೆ ಕಪ್ಪು ಬೇರೆ ಏಕೆ? ಬೆರೆಸಿದಾಗ ಬರುವುದು ಮಣ್ಣಿನಂಥ ಕಂದು. ಅಚ್ಚ ಕಪ್ಪಿಗೆ ಮಸಿಯೇ ಬೇಕು.

ಸೀಮೆಸುಣ್ಣದ ಕಡ್ಡಿಗೆ ಬುಡದಿಂದ ಒಂದು ಬೆರಳಗಲ ಮೇಲೆ ಕಪ್ಪು ಸ್ಕೆಚ್ ಪೆನ್ನಿನಿಂದ ಒಂದು ಸುತ್ತು ಗೆರೆ ಎಳೆದು, ಬುಡ ಮಾತ್ರ ಮುಳುಗುವಷ್ಟು ನೀರಿನಲ್ಲಿ ನಿಲ್ಲಿಸಿ. ನೀರು ಮೇಲೇರಿದಂತೆ ಕಪ್ಪು ಬಿಡಿಯಾಗಿ ನೀಲಿ, ಕೆಂಪು, ಹಳದಿ ಬಣ್ಣಗಳು ಕಾಣಿಸಿಕೊಳ್ಳಬಹುದು. ಅದು ಡೈಗಳ ಕಪ್ಪು. ಮಸಿಯ ಕಪ್ಪನ್ನು ಹೀಗೆ ಬಿಡಿಸಲಾಗದು.

ಹಿರಿಯರು ಜೊತೆಗಿರುವಾಗ ಎಣ್ಣೆ ದೀಪದ ಮೇಲೆ ಮಣ್ಣಿನ ಮುಚ್ಚಳ ಹಿಡಿದು ಕಾಡಿಗೆ ಕಟ್ಟಿ, ಗೋಂದಿನ ನೀರಿನಲ್ಲಿ ಕಲಸಿ ಒಂದು ಸಾಲು ಬರೆಯಿರಿ. ಅದರ ಕೆಳಗೆ ಸ್ಕೆಚ್ ಪೆನ್ನಿನಿಂದ ಅದೇ ಸಾಲು ಬರೆಯಿರಿ. ಕಾಗದದ ಅರ್ಧವನ್ನು ರಟ್ಟಿನಿಂದ ಮುಚ್ಚಿ ಒಂದು ತಿಂಗಳು ಬಿಸಿಲಿಗೆ ಇಡಿ. ರಟ್ಟು ತೆಗೆದಾಗ ಯಾವ ಸಾಲಿನ ಅರ್ಧ ಮಾಸಿದೆ ಎಂದು ನೀವೇ ನೋಡಿ.

ಫೈಲು ಜೋಪಾನ

ಇಷ್ಟೆಲ್ಲ ತಿಳಿದ ಮೇಲೆ ಮನೆಯಲ್ಲಿ ಪಾಲಿಸಬೇಕಾದದ್ದು ಕೆಲವೇ ಮಾತು. ವರ್ಷಗಟ್ಟಲೆ ಇರಬೇಕಾದ ಪ್ರತಿಗಳನ್ನು ಲೇಸರ್ ಪ್ರಿಂಟರಿನಲ್ಲೋ ಜೆರಾಕ್ಸ್ ಯಂತ್ರದಲ್ಲೋ ತೆಗೆಸಿ. ಮನೆಯ ಇಂಕ್‌ಜೆಟ್ ಶಾಲೆಯ ಚಿತ್ರಗಳಿಗೆ, ಅಭ್ಯಾಸದ ಹಾಳೆಗಳಿಗೆ ಇರಲಿ. ಟೋನರಿನ ಅಕ್ಷರಗಳನ್ನು ಮೆದುವಾದ ಪಿವಿಸಿ ಪ್ಲಾಸ್ಟಿಕ್ಕಿಗೆ ಒತ್ತಿ ಇಡಬೇಡಿ. ಆ ಪ್ಲಾಸ್ಟಿಕ್ಕನ್ನು ಮೆದುಗೊಳಿಸುವ ರಾಸಾಯನಿಕ ಟೋನರನ್ನೂ ಮೆದುಗೊಳಿಸುತ್ತದೆ. ಸೆಕೆಗೆ ಅಕ್ಷರ ಹಾಳೆಯನ್ನು ಬಿಟ್ಟು ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ. ನಡುವೆ ಒಂದು ಬಿಳಿ ಹಾಳೆ ಇಟ್ಟರೆ ಆಯಿತು. ಮೂಲ ಅಂಕಪಟ್ಟಿಗೆ ಲ್ಯಾಮಿನೇಷನ್ ಬೇಡ. ಒಮ್ಮೆ ಬೆಸೆದ ಪ್ಲಾಸ್ಟಿಕ್ಕನ್ನು ಕಾಗದ ಹರಿಯದಂತೆ ಬಿಡಿಸುವುದು ಸಾಧ್ಯವಿಲ್ಲ.

ಟೋನರ್ ಮುಗಿದಿದೆ ಎಂದು ಯಂತ್ರ ಹೇಳಿದರೆ ಕಾರ್ಟ್ರಿಜ್ ತೆಗೆದು ಅಡ್ಡಡ್ಡಲಾಗಿ ಮೆಲ್ಲಗೆ ಅಲುಗಾಡಿಸಿ ಹಾಕಿ, ಇನ್ನೂ ಕೆಲವು ಪುಟ ಬರುತ್ತವೆ. ಪುಡಿ ಬಟ್ಟೆಗೆ ಚೆಲ್ಲಿದರೆ ಮೊದಲು ಕೊಡವಿ, ತಣ್ಣೀರಿನಲ್ಲಿ ತೊಳೆಯಿರಿ. ಬಿಸಿನೀರು ಹಾಕಿದಿರೋ, ಪ್ಲಾಸ್ಟಿಕ್ ಕರಗಿ ಕಲೆ ಶಾಶ್ವತವಾದೀತು! ಊದಲೂ ಬೇಡಿ, ನವುರಾದ ಪುಡಿ ಮೂಗಿಗೆ ಹೋಗುತ್ತದೆ. ಖಾಲಿ ಕಾರ್ಟ್ರಿಜ್‌ಗಳನ್ನು ಕಸದ ಜೊತೆ ಸುಡಬಾರದು. ನಮ್ಮ ದೇಶದ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಅವೂ ಸೇರಿವೆ. ಮರಳಿ ತೆಗೆದುಕೊಳ್ಳುವ ಅಂಗಡಿಗೆ ಕೊಡಿ.

ಪ್ರಿಂಟ್ ಗುಂಡಿ ಒತ್ತುವ ಮುಂಚೆ ಒಂದೇ ಪ್ರಶ್ನೆ ಕೇಳಿಕೊಂಡರೆ ಸಾಕು: ಈ ಕಾಗದ ಎಷ್ಟು ದಿನ ಬಾಳಬೇಕು? ನಾಳೆಯವರೆಗೆ ಎಂದಾದರೆ ಯಾವ ಶಾಯಿಯಾದರೂ ಆದೀತು. ನಿಮ್ಮ ಮಕ್ಕಳ ಕಾಲದವರೆಗೆ ಎಂದಾದರೆ, ಓಲೆಗರಿಗೆ ಮಸಿ ತೀಡಿದವರು ನಂಬಿದ್ದ ಆ ಹಳೆಯ ದೀಪದ ಕಪ್ಪನ್ನೇ ನೀವೂ ನಂಬಿ.